ಬಾಗ್ಲು ಕಡೆ

ಭಾನುವಾರದಿಂದ ಒಂದೇ ಮಾತು ತಲೇಲಿ ಸುತ್ತುತಾ ಇದೆ. ಹಾಸಿಗೆ ಅಂಗಡೀಲಿ ಆ ಹುಡುಗ ಅಮ್ಮನ್ನ ಕೇಳ್ದ, "ಆಂಟಿ, ನೀವು ಹೆಂಗ್ ಮಲಗ್ತೀರಾ? ಬೆನ್ನ ಮೇಲಾ, ಸೈಡಿಗಾ?" ಅಂತ. ಅಮ್ಮ ಸ್ವಲ್ಪ ಹೊತ್ತು ಯೋಚ್ನೆ ಮಾಡಿ ಹೇಳಿದ್ದು, "ಬಾಗ್ಲು ಕಡೆ."

"ಅಲ್ಲ ಆಂಟಿ, ಎಡಗಡೆನಾ ಬಲಗಡೆನಾ?"

"ಬಾಗ್ಲು ಯಾವ್ ಕಡೆ ಐತೋ ಆ ಕಡೆ ಕಣಪ್ಪ."

ಅವನು ನನ್ನ ಮುಖ ನೋಡ್ದ, ನಾನು ಅಮ್ಮನ ಮುಖ ನೋಡ್ದೆ, ಆಮೇಲೆ ಅವನು ಕೈಲಿದ್ದ ಟ್ಯಾಬಲ್ಲಿ 'ಸೈಡ್ ಸ್ಲೀಪರ್' ಅಂತ ಒತ್ತಿ ಮುಂದಿನ ಪ್ರಶ್ನೆಗೆ ಹೋದ. ನಾನು ಮಾತ್ರ ಅಲ್ಲೇ ನಿಂತ್ಬಿಟ್ಟೆ. ನಲವತ್ತೊಂದು ವರ್ಷ ಆ ಹೆಂಗಸಿನ ಮಗನಾಗಿದ್ದೀನಿ, ಅವಳು ಹೆಂಗೆ ಮಲಗ್ತಾಳೆ ಅಂತ ಕೇಳಿದ್ರೆ ನಂಗೆ ಉತ್ರ ಗೊತ್ತಿರ್ಲಿಲ್ಲ.

ಇದೆಲ್ಲ ಶುರುವಾಗಿದ್ದು ಅಮ್ಮನ ಸೊಂಟದಿಂದ. ಬಲಗಡೆ ಸೊಂಟ ಹಿಡ್ಕೊಂಡು ಎರಡು ತಿಂಗಳಿಂದ ನರಳ್ತಿದ್ಲು. ಡಾಕ್ಟ್ರು ನೆಲದ ಮೇಲೆ ಮಲಗೋದು ಬಿಡಿ, ಬಲ ಮಗ್ಗುಲಿಗಂತೂ ಮಲಗ್ಲೇಬೇಡಿ, ಒಂದು ಒಳ್ಳೆ ಹಾಸಿಗೆ ತಗೊಳ್ಳಿ ಅಂದ್ರು. ಒಳ್ಳೆ ಹಾಸಿಗೆ ಅಂದ್ರೆ ಯಾವ್ದು ಅಂತ ಅವ್ರು ಹೇಳ್ಲಿಲ್ಲ, ಅದನ್ನ ಹೇಳೋಕೆ ನಮ್ಮನೆ ವಾಟ್ಸಾಪ್ ಗ್ರೂಪ್ ಇದೆಯಲ್ಲ. ಬೆಂಗ್ಳೂರಲ್ಲಿರೋ ತಂಗಿ ಅವತ್ತೇ ಸಾಯಂಕಾಲ ಹನ್ನೊಂದು ಲಿಂಕ್ ಹಾಕಿದ್ಲು, ಎಲ್ಲಾ ಜೆಲ್ ಮೆಮೊರಿ ಫೋಮು, ಅಂದ್ರೆ ಮೈ ಆಕಾರಕ್ಕೆ ಕೂರೋ ಫೋಮಿಗೆ ತಣ್ಣಗಿರ್ಲಿ ಅಂತ ಜೆಲ್ ಸೇರ್ಸಿದ್ದು. "ದಾವಣಗೆರೆ ಬಿಸಿಲಿಗೆ ಜೆಲ್ಲೇ ಬೇಕು ಅಣ್ಣ, ಮಾಮೂಲಿ ಮೆಮೊರಿ ಫೋಮಲ್ಲಿ ಬೆಂದ್ ಹೋಗ್ತಾಳೆ ಅಮ್ಮ." ಅವಳ ಗಂಡ ಒಂದು ಎಕ್ಸೆಲ್ ಶೀಟೇ ಕಳ್ಸಿದ್ರು. ಒಳ್ಳೆ ಮನುಷ್ಯ, ಸುಳ್ಳು ಹೇಳಲ್ಲ, ಆದ್ರೆ ಹಲ್ಲುಜ್ಜೋ ಬ್ರಷ್ ತಗೊಳ್ಳೋಕೂ ನೂರು ಜನದ ರಿವ್ಯೂ ಓದ್ತಾರೆ. ಶೀಟಲ್ಲಿ ಡೆನ್ಸಿಟಿ ಇತ್ತು, ವಾರಂಟಿ ಇತ್ತು, ಇಂಚಿಗೆ ಎಷ್ಟು ರೂಪಾಯಿ ಬೀಳುತ್ತೆ ಅಂತಾನೂ ಇತ್ತು. ಅಮ್ಮನ ಎತ್ತರ ಎಷ್ಟು ಅನ್ನೋ ಕಾಲಮ್ ಇರ್ಲಿಲ್ಲ. ಯಾಕೆ ಹೇಳ್ದೆ ಅಂತ ಆಮೇಲೆ ಗೊತ್ತಾಗುತ್ತೆ.

ನಂಗೂ ಜೆಲ್ ಮೇಲೇ ಮನಸ್ಸಿತ್ತು, ಸುಳ್ಳ್ಯಾಕೆ ಹೇಳ್ಲಿ. ಏಪ್ರಿಲಲ್ಲಿ ನಮ್ಮೂರು ಹೆಂಚಿನ ಥರ ಕಾಯುತ್ತೆ. ಆರ್‌ಸಿಸಿ ಮನೆ ಬೇರೆ, ಹಗಲು ಕುಡಿದ ಬಿಸಿಲನ್ನೆಲ್ಲ ರಾತ್ರಿ ನಮ್ಮ ಮೇಲೆ ಉಗುಳುತ್ತೆ. ಲಿಂಕಲ್ಲಿ ಆರ್ಡರ್ ಮಾಡ್ಬಿಡೋಣ ಅಂತಿದ್ದೆ, ಅಮ್ಮಾನೇ, "ಮುಟ್ಟಿ ನೋಡ್ದೆ ಸೀರೇನೇ ತಗೊಳ್ಳಲ್ಲ ನಾನು, ಹಾಸಿಗೆ ತಗೊಳ್ಳೋದಾ?" ಅಂದ್ಲು. ಹಂಗಾಗಿ ಅಂಗಡಿ.

ಹುಡುಗಂಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರ್ಬೇಕು, ಹರಿಹರದ ಕಡೆಯವ್ನಂತೆ, ಮಾತು ಮಾತ್ರ ಅರಳು ಹುರಿದಂಗೆ. "ಇದು ನಾಸಾ ಟೆಕ್ನಾಲಜಿ ಆಂಟಿ, ರಾಕೆಟ್‌ಗೆ ಅಂತ ಮಾಡಿದ್ದು" ಅಂದ. ಅಮ್ಮ, "ರಾಕೆಟ್ನಾಗೆ ಮಲಗ್ತಾರಾ?" ಅಂದ್ಲು. ಪಾಪ ಅವನು ಪೂರ್ತಿ ಸುಳ್ಳೇನೂ ಹೇಳಿರ್ಲಿಲ್ಲ. 1966ರಲ್ಲಿ ನಾಸಾದವ್ರ ಏಮ್ಸ್ ಅನ್ನೋ ರಿಸರ್ಚ್ ಸೆಂಟರಿಗೋಸ್ಕರ ಚಾರ್ಲ್ಸ್ ಯೋಸ್ಟ್ ಅನ್ನೋ ಇಂಜಿನಿಯರು ಮಾಡಿದ ಫೋಮು ಅದು, ರಾಕೆಟ್‌ಗಲ್ಲ, ವಿಮಾನದ ಸೀಟಿಗೆ, ಧಡ್ ಅಂತ ಬಿದ್ರೆ ಪೆಟ್ಟು ತಡೀಲಿ ಅಂತ. ಮೈ ಬಿಸಿ ತಾಗಿದ್ರೆ ಮೆತ್ತಗಾಗಿ ಮೈ ಆಕಾರಕ್ಕೆ ಕೂರುತ್ತೆ, ಎದ್ರೆ ನಿಧಾನಕ್ಕೆ ಮೊದಲಿನ ಥರ ಆಗುತ್ತೆ. ಹುಡುಗ ಅಂಗೈ ಒತ್ತಿ ತೋರ್ಸಿದ, ಐದು ಬೆರಳಿನ ಅಚ್ಚು ಮೂಡಿ ಮೆಲ್ಲಗೆ ಮಾಯ ಆಯ್ತು. ಅಮ್ಮಂಗೆ ಅದು ಭಾರಿ ಇಷ್ಟ ಆಯ್ತು, ಚಪಾತಿ ಹಿಟ್ಟು ನೆಂದಿದ್ಯಾ ನೋಡೋ ಥರ ಹೆಬ್ಬೆಟ್ಟಲ್ಲಿ ಒತ್ತಿ ಒತ್ತಿ ನೋಡಿದ್ಲು.

"ಮಲಗಿ ನೋಡಿ ಆಂಟಿ."

ಮಲಗ್ಬೇಕಲ್ಲ! ಹಿಂದೆ ಇನ್ನೊಂದು ಫ್ಯಾಮಿಲಿ ದಿಂಬು ನೋಡ್ತಿದ್ದಾರೆ, ರೋಡಲ್ಲಿ ಹೋಗೋರಿಗೆ ಗಾಜಿನಾಚೆಯಿಂದ ಎಲ್ಲಾ ಕಾಣ್ಸುತ್ತೆ. "ಅಂಗಡ್ಯಾಗ ಮಲಗೋದಾ, ಹೋಗಪ್ಪಾ" ಅಂತ ಅಮ್ಮ ಸೆರಗು ಹೊದ್ಕೊಂಡು ಗಟ್ಟಿ ನಿಂತ್ಬಿಟ್ಲು. ನಾನು "ಏನಾಗಲ್ಲ ಮಲಗಮ್ಮ, ಎಲ್ರೂ ಮಲಗ್ತಾರೆ" ಅಂತ ರೇಗಿದೆ, ನಂದು ಯಾವಾಗ್ಲೂ ಅದೇ ಬುದ್ಧಿ. ಆ ಹುಡುಗ ಏನ್ ಮಾಡ್ದ ಗೊತ್ತಾ? ಡಿಸ್ಕೌಂಟ್ ಅಂತ ಬರೆದಿದ್ದ ಎರಡು ಎತ್ತರದ ಬ್ಯಾನರ್ ಸ್ಟ್ಯಾಂಡನ್ನ ಎಳ್ಕೊಂಡು ಬಂದು ಮಂಚಕ್ಕೆ ಮರೆ ಮಾಡಿ, ತಾನು ಆಚೆ ತಿರುಗಿ ನಿಂತ್ಕೊಂಡ. "ನೀವೂ ತಿರುಗಿ ಸಾರ್" ಅಂದ ನಂಗೆ. ಗೋಡೆ ಕಡೆ ಮುಖ ಮಾಡಿ ನಾವಿಬ್ರೂ ಶಿಕ್ಷೆ ಕೊಟ್ಟ ಹುಡುಗರ ಥರ ನಿಂತಿದ್ವಿ. ಅವನ ಮನೇಲಿ ಯಾರೋ ಚೆನ್ನಾಗಿ ಬೆಳೆಸಿದ್ದಾರೆ. ಟಾರ್ಗೆಟ್ಟು ಕಮಿಷನ್ನು ಎಲ್ಲಾ ಇದ್ದೇ ಇರುತ್ತೆ, ಆದ್ರೆ ಅದನ್ನ ಯಾವ ಟ್ರೈನಿಂಗಲ್ಲೂ ಹೇಳ್ಕೊಟ್ಟಿರಲ್ಲ ಅನ್ಸುತ್ತೆ.

ಮೊದ್ಲು ಮಾಮೂಲಿ ಮೆಮೊರಿ ಫೋಮು, ಆಮೇಲೆ ಜೆಲ್ಲು. ಜೆಲ್ ಮೇಲೆ ಮಲಗಿದ ತಕ್ಷಣ ಬ್ಯಾನರ್ ಹಿಂದಿನಿಂದ "ತಣ್ಣಗೈತೋ" ಅಂತ ಕೇಳ್ಸಿತು. ಹುಡುಗ ಗೆದ್ದೆ ಅನ್ನೋ ಥರ ನನ್ನ ನೋಡ್ದ. "ಒಳಗಡೆ ಎಸಿ ಇದ್ದಂಗೆ ಸಾರ್ ಜೆಲ್ ಅಂದ್ರೆ." ಒಂದು ನಿಮಿಷ ಬಿಟ್ಟು ಅಮ್ಮನ ಧ್ವನಿ ಮತ್ತೆ ಬಂತು, "ಅಲ್ಲಪ್ಪಾ, ಈ ಅಂಗಡೀನೇ ಎಸಿ ಐತಲ್ಲ, ಇಲ್ಲಿ ನೆಲಾನೂ ತಣ್ಣಗೇ ಐತಿ."

ಎಕ್ಸೆಲ್ ಶೀಟು, ಹನ್ನೊಂದು ಲಿಂಕು ಎಲ್ಲಾ ಆ ಒಂದು ಮಾತಿಗೆ ಮಕಾಡೆ ಮಲಗಿದ್ವು. ನಿಜ ಅದು. ಜೆಲ್ ಏನ್ ಮಾಡುತ್ತೆ ಅಂದ್ರೆ ಮೈಯಲ್ಲಿರೋ ಬಿಸೀನ ಬರೀ ಫೋಮಿಗಿಂತ ಬೇಗ ಎಳ್ಕೊಳ್ಳುತ್ತೆ, ಅದಕ್ಕೇ ಮುಟ್ಟಿದಾಗ ತಣ್ಣಗೆ ಅನ್ಸುತ್ತೆ, ಸ್ವಲ್ಪ ಹೊತ್ತಾದ್ಮೇಲೆ ಜೆಲ್ಲೂ ಮೈಯಷ್ಟೇ ಬಿಸಿ ಆದ್ರೆ ಮುಗೀತು, ಆಮೇಲೆ ಫೋಮಿನೊಳಗೆ ಗಾಳಿ ಎಷ್ಟು ಆಡುತ್ತೆ, ರೂಮು ಎಷ್ಟು ಕಾದಿದೆ ಅನ್ನೋದೇ ಲೆಕ್ಕ. ಎಸಿ ಇರೋ ರೂಮಲ್ಲಿ ಆ ಬಿಸಿ ಹೋಗೋಕೆ ದಾರಿ ಇರುತ್ತೆ. ರಾತ್ರಿ ಕರೆಂಟ್ ಹೋಗಿ ಫ್ಯಾನೂ ನಿಂತ ನಮ್ಮ ರೂಮಲ್ಲಿ ಅದು ಎಲ್ಲಿಗೆ ಹೋಗ್ಬೇಕು? ಹಂಗಂತ ಜೆಲ್ ಸುಳ್ಳು ಅಂತ ಹೇಳ್ತಿಲ್ಲ, ಮಲಗಿದ ಹೊಸದ್ರಲ್ಲಿ ಹಿತ ಅನ್ಸೋದು ನಿಜ, ನಿದ್ದೆ ಬೇಗ ಹತ್ತೋಕೆ ಕೆಲವ್ರಿಗೆ ಅಷ್ಟೇ ಸಾಕು. ಆದ್ರೆ ಇಡೀ ರಾತ್ರಿ ತಣ್ಣಗಿಡುತ್ತೆ ಅಂತ ನಂಬ್ಕೊಂಡು ದುಡ್ಡು ಕೊಟ್ರೆ ಬೇಜಾರಾಗುತ್ತೆ. ಇನ್ನೊಂದು, ನೀಲಿ ಬಣ್ಣ ಕಂಡ ತಕ್ಷಣ ಜೆಲ್ ಅಂತ ಕುಣೀಬೇಡಿ, ಫೋಮಿಗೆ ಯಾವ ಬಣ್ಣ ಬೇಕಾದ್ರೂ ಹಾಕ್ಬೋದು. ಜಿಪ್ ಇದ್ರೆ ತೆಗ್ಸಿ ನೋಡಿ. ನಾನು ತೆಗ್ಸಿದೆ. ಎಂಟಿಂಚಿನ ಹಾಸಿಗೇಲಿ ಜೆಲ್ ಮೆಮೊರಿ ಇದ್ದಿದ್ದು ಮೇಲಿನ ಒಂದಿಂಚು, ಕೆಳಗಿನ ಏಳಿಂಚು ಬೇರೆ ಫೋಮು. ಆ ಒಂದಿಂಚಿಗೆ ನಾಲ್ಕು ಸಾವಿರ ಜಾಸ್ತಿ.

ಅಷ್ಟೊತ್ತಿಗೆ ಅಮ್ಮ ಏಳೋಕೆ ನೋಡಿದ್ಲು. ಆಗ್ಲಿಲ್ಲ. ಮೆಮೊರಿ ಫೋಮಲ್ಲಿ ಇದೊಂದು ಕಷ್ಟ, ಜೆಲ್ಲಿರ್ಲಿ ಬಿಡ್ಲಿ, ಮೈ ಸ್ವಲ್ಪ ಹೂತ್ಕೊಳ್ಳುತ್ತೆ, ವಯಸ್ಸಾದೋರಿಗೆ ಮಗ್ಗುಲು ಬದಲಾಯ್ಸೋಕೆ ಆಸರೆ ಸಿಗಲ್ಲ. ಕೊನೆಗೂ ಎದ್ದು ಅಂಚಿಗೆ ಬಂದು ಕೂತ್ರೆ ಅಂಚೂ ಕುಸೀತು, ಕಾಲು ನೆಲಕ್ಕೆ ಎಟುಕ್ತಾ ಇಲ್ಲ. ಮಂಚ ಹದಿನೆಂಟಿಂಚು, ಹಾಸಿಗೆ ಎಂಟಿಂಚು, ಅಮ್ಮ ನಾಲ್ಕಡಿ ಹತ್ತಿಂಚು. ಕಾಲು ಜೋತಾಡಿಸ್ಕೊಂಡು ಬಸ್ ಸೀಟಲ್ಲಿ ಕೂತ ಮಗು ಥರ ಕಾಣ್ತಿದ್ಲು. ಜೆಲ್ಲಾ ಮಾಮೂಲಿನಾ ಅಂತ ಎರಡು ವಾರ ತಲೆ ಕೆಡಿಸ್ಕೊಂಡ್ವಲ್ಲ, ರಾತ್ರಿ ಬಚ್ಚಲಿಗೆ ಹೋಗೋಕೆ ಅವಳು ಹೆಂಗೆ ಇಳೀತಾಳೆ ಅಂತ ನಮ್ಮಲ್ಲಿ ಒಬ್ರಿಗೂ ಹೊಳೀಲಿಲ್ಲ.

ಕೊನೆಗೆ ಆ ಹುಡುಗಾನೇ ಆರಿಂಚಿಂದು ತೋರ್ಸಿದ, ಕೆಳಗೆ ಗಟ್ಟಿ ಫೋಮು, ಮೇಲೆ ತೆಳ್ಳಗೆ ಮೆಮೊರಿ, ಅಂಚು ಗಟ್ಟಿ. ಅದ್ರಲ್ಲೂ ಜೆಲ್ ಇತ್ತು, ಮಾಮೂಲೀನೂ ಇತ್ತು. ಜೆಲ್ ಹಾಕಿಸ್ಕೊಂಡ್ರೆ ಮೇಲೆ ತೆಳು ಕಾಟನ್ ಬೆಡ್‌ಶೀಟ್ ಒಂದೇ ಹಾಸ್ಬೇಕು ಆಂಟಿ ಅಂದ. ಅಮ್ಮ, "ನಮ್ಮವ್ವ ಹೊಲಿದ ಕೌದಿ ಹಾಸ್ದೆ ನಂಗೆ ನಿದ್ದೆ ಬರಲ್ಲ" ಅಂದ್ಲು. ಹಳೇ ಸೀರೆ ಪದರ ಪದರ ಇಟ್ಟು ಹೊಲಿದ ಕೌದಿ ಅದು, ಅದ್ರ ಕೆಳಗೆ ಜೆಲ್ ಇದ್ರೂ ಒಂದೇ ಮಣ್ಣಿದ್ರೂ ಒಂದೇ. ಮಾಮೂಲಿ ಮೆಮೊರಿ ಫೋಮೇ ಫೈನಲ್ ಆಯ್ತು. ಬಿಲ್ ಮಾಡೋವಾಗ "ಇದನ್ನ ಬಿಸಿಲಿಗೆ ಹಾಕ್ಬೇಡಿ, ಫೋಮು ಹಾಳಾಗುತ್ತೆ" ಅಂದಿದ್ದಕ್ಕೆ ಅಮ್ಮಂಗೆ ಸಿಟ್ಟೇ ಬಂತು. ಬಿಸಿಲು ಕಾಣದ ಹಾಸಿಗೆ ಯಾವ ಸೀಮೆ ಹಾಸಿಗೆ? ನಮ್ಮನೇಲಿದ್ದಿದ್ದು ಹತ್ತಿ ಹಾಸಿಗೆ, ಹತ್ತಿ ಊರಲ್ಲಿ ಇನ್ನೇನಿರುತ್ತೆ. ಗಂಟು ಕಟ್ಟಿದ್ರೆ ಮಾಳಿಗೆ ಮೇಲೆ ಬಿಸಿಲಿಗೆ ಹಾಕೋದು, ಪಿಂಜಾರರು ಬಿಲ್ಲು ಹಿಡ್ಕೊಂಡು ಬಂದಾಗ ಅಂಗಳದಲ್ಲೇ ಹಿಂಜಿಸೋದು. ಟೊಂಯ್ ಟೊಂಯ್ ಅಂತ ಆ ನಾದ, ಮೂಗಲ್ಲೆಲ್ಲ ಹತ್ತಿ. ಒಂದು ಹಾಸಿಗೆ ಹಂಗೆ ಎಷ್ಟು ಸಲ ಹೊಸದಾಗ್ತಿತ್ತೋ.

ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ ದಾವಣಗೆರೇನ, ಅಪ್ಪ ಅಂಥದ್ದೇ ಒಂದು ಮಿಲ್ಲಲ್ಲಿದ್ರು. ಸೆಕೆಂಡ್ ಶಿಫ್ಟ್ ಇದ್ರೆ ಮನೆಗೆ ಬರೋವಾಗ ರಾತ್ರಿ ಹನ್ನೆರಡೂವರೆ. ನಾವು ಮಕ್ಕಳು ಯಾರೂ ಬಾಗ್ಲು ತಟ್ಟಿದ ಸದ್ದು ಕೇಳಿದ್ದೇ ಇಲ್ಲ, ಯಾಕಂದ್ರೆ ಅಪ್ಪ ತಟ್ಟೋಕೆ ಮುಂಚೇನೇ ಚಿಲಕ ತೆಗೀತಿತ್ತು. ಸೈಕಲ್ ಸ್ಟ್ಯಾಂಡ್ ಹಾಕೋ ಸದ್ದಿಗೆ ಅಮ್ಮ ಎದ್ದಿರ್ತಿದ್ಲು. ಬೆಳಗಿನ ಐದಕ್ಕೆ ಹಾಲಿನೋನು. ನಂಗೆ ದಮ್ಮು ಬರ್ತಿದ್ದ ಕಾಲದಲ್ಲಿ ನಾನು. ತಂಗಿ ಬೆಂಗ್ಳೂರಿಂದ ರಾತ್ರಿ ಬಸ್ಸಲ್ಲಿ ಬರೋವಾಗ ತಂಗಿ. ಮಿಲ್ಲುಗಳು ಒಂದೊಂದೇ ಮುಚ್ಚಿದ್ವು, ಅಪ್ಪ ಹೋಗಿ ಆರು ವರ್ಷ ಆಯ್ತು, ನಂಗೆ ಈಗ ದಮ್ಮಿಲ್ಲ, ಹಾಲು ಪ್ಯಾಕೆಟಲ್ಲಿ ಬರುತ್ತೆ. ಆದ್ರೂ ಬಾಗ್ಲು ಕಡೆ. ತಲೆ ದಕ್ಷಿಣಕ್ಕೆ, ಬಾಗ್ಲು ಪೂರ್ವಕ್ಕೆ, ಅಂದ್ರೆ ಇಷ್ಟೂ ವರ್ಷ ಬಲ ಮಗ್ಗುಲು. ಆ ಸೊಂಟಾನೇ ಈಗ ನೋಯ್ತಿರೋದು. ಇದನ್ನ ಡಾಕ್ಟ್ರಿಗೆ ಹೇಳ್ಬೇಕಾ ಬೇಡ್ವಾ ಗೊತ್ತಾಗ್ಲಿಲ್ಲ, ಹೇಳಿದ್ರೆ ಏನಂತ ಬರ್ಕೋತಾರೆ.

ಮಂಗಳವಾರ ಹಾಸಿಗೆ ಬಂತು, ಸುತ್ತಿ ಪ್ಲಾಸ್ಟಿಕ್ಕಲ್ಲಿ ಬಿಗಿದಿದ್ರು. ಕತ್ತರಿ ಹಾಕಿದ ತಕ್ಷಣ ಉಸಿರು ಎಳ್ಕೊಂಡಂಗೆ ಉಬ್ಬಿತು. ಹೊಸ ಫೋಮಿನ ವಾಸನೆ ಘಂ ಅಂತು, ಒಂದು ದಿನ ಕಿಟಕಿ ತೆಗೆದು ಹಂಗೇ ಬಿಡ್ಬೇಕು, ನಾನು ಆ ಕಡೆ ತಿರುಗೋದ್ರೊಳಗೆ ಅಮ್ಮ ವಾಸನೆ ಹೋಗ್ಲಿ ಅಂತ ಕೆಂಡದ ಮೇಲೆ ಸಾಂಬ್ರಾಣಿ ಹಾಕ್ಕೊಂಡು ರೂಮಿಗೇ ಬಂದಿದ್ದಾಳೆ. ಅಯ್ಯೋ ಮಾರಾಯ್ತಿ, ಫೋಮು ಬೆಂಕಿಗೆ ಎಷ್ಟು ಬೇಗ ಹತ್ಕೊಳ್ಳುತ್ತೆ ಗೊತ್ತಾ ಅಂತ ಕಿರುಚಿ ಆಚೆ ಕಳ್ಸಿದೆ.

ಆಮೇಲೆ ಮಂಚ ಎಲ್ಲಿಡೋದು ಅನ್ನೋ ಪಂಚಾಯ್ತಿ. ಈಗ ಎಡ ಮಗ್ಗುಲಿಗೇ ಮಲಗ್ಬೇಕಲ್ಲ, ಎಡಕ್ಕೆ ತಿರುಗಿ ಪೂರ್ವದ ಬಾಗ್ಲು ಕಾಣ್ಬೇಕು ಅಂದ್ರೆ ತಲೆ ಉತ್ತರಕ್ಕೆ ಹಾಕ್ಬೇಕು. ಉತ್ತರಕ್ಕೆ ತಲೆ ಹಾಕೋ ಮಾತೇ ಇಲ್ಲ. ಪಶ್ಚಿಮಕ್ಕೆ ತಲೆ ಹಾಕಿದ್ರೆ ಕಾಲು ನೆಟ್ಟಗೆ ಬಾಗ್ಲಿಗೆ, ಅದು ಇನ್ನೂ ಬೇಡ. ಪೂರ್ವಕ್ಕೆ ಹಾಕಿದ್ರೆ ಬಾಗ್ಲು ತಲೆ ಹಿಂದೆ. ತಂಗಿ ಗಂಡ ಫೋನಲ್ಲೇ ರೂಮಿನ ನಕ್ಷೆ ಬರ್ದು ಕಳ್ಸಿದ್ರು, ಅದ್ರಲ್ಲೂ ಪರಿಹಾರ ಇರ್ಲಿಲ್ಲ. ಕೊನೆಗೆ ಹಳೇ ಥರಾನೇ ದಕ್ಷಿಣಕ್ಕೆ ತಲೆ, ಎಡ ಮಗ್ಗುಲು, ಮುಖ ಪಶ್ಚಿಮದ ಗೋಡೆಗೆ. "ಇನ್ನು ಬಾಗ್ಲು ಯಾರಿಗಮ್ಮ ಕಾಯ್ತೀಯಾ, ಆರಾಮಾಗಿ ಮಲ್ಕೋ" ಅಂದೆ. ಅವಳು ಹೂಂ ಅನ್ಲಿಲ್ಲ ಊಹೂಂ ಅನ್ಲಿಲ್ಲ, ಉತ್ತರದ ಗೋಡೆಗಿದ್ದ ಬೀರು ತೋರ್ಸಿ, "ಅದನ್ನ ಈ ಕಡೆ ಗೋಡೆಗೆ ಸರ್ಸು" ಅಂದ್ಲು. ಯಾಕೆ ಅಂದ್ರೆ "ಸರ್ಸು ಅಂದ್ನಲ್ಲ." ಸೀರೆ ತುಂಬಿದ ಕಬ್ಬಿಣದ ಬೀರು, ಪಕ್ಕದ್ಮನೆ ಹುಡುಗನ್ನ ಕರ್ದು ತಳ್ಳೋ ಹೊತ್ತಿಗೆ ನನ್ನ ಸೊಂಟಾನೂ ಹಿಡೀತು.

ಮೊನ್ನೆ ರಾತ್ರಿ ಹೊಸ ಹಾಸಿಗೇಲಿ ಮೊದಲನೇ ನಿದ್ದೆ. ಹೆಂಗಿದ್ದಾಳೋ, ಸೆಕೆ ಆಗ್ತಿದ್ಯೋ ಏನೋ ಅಂತ ಎರಡು ಗಂಟೆ ಹೊತ್ತಿಗೆ ಎದ್ದು ಹೋದೆ. ನಡುಮನೇಲಿ ಜೀರೋ ಬಲ್ಬ್ ಬಿಟ್ರೆ ಎಲ್ಲಾ ಕತ್ಲು. ಬಾಗ್ಲಲ್ಲಿ ಸದ್ದಿಲ್ದೆ ನಿಂತೆ. ಐದಡಿ ಅಗಲದ ಹಾಸಿಗೇಲಿ ಒಂದು ಅಂಚಿಗೆ ಕೌದಿ ಮೇಲೆ ಸಣ್ಣಗೆ ಮುದುಡ್ಕೊಂಡು, ನನ್ನ ಕಡೆ ಬೆನ್ನು ಹಾಕಿ, ಡಾಕ್ಟ್ರು ಹೇಳಿದಂಗೇ ಎಡ ಮಗ್ಗುಲಿಗೆ ಮಲಗಿದ್ಲು. ಸದ್ಯ, ಕೇಳಿದ್ಲಲ್ಲ ಮಾತು ಅಂದ್ಕೊಂಡು ತಿರುಗ್ತಾ ಇದ್ದೆ.

"ಯಾಕೋ, ನಿದ್ದೆ ಬರ್ಲಿಲ್ವಾ?"

ಅವಳು ತಿರುಗಿರ್ಲಿಲ್ಲ. ಎದುರಿಗಿದ್ದ ಬೀರು ಬಾಗ್ಲಿಗೆ ಉದ್ದದ ಕನ್ನಡಿ ಇದೆ, ಅದ್ರಲ್ಲಿ ಜೀರೋ ಬಲ್ಬಿನ ಬೆಳಕು, ಬಾಗ್ಲು, ಬಾಗ್ಲಲ್ಲಿ ನಿಂತ ನಾನು, ಎಲ್ಲಾ ಕಾಣ್ತಿತ್ತು.