ಮೈದಾನದ ಕೆಳಗಿನ ಬರೆ

ಶಾಲೆಯ ನೆನಪು ಅಂದರೆ ಎಲ್ಲರೂ ಮೇಷ್ಟ್ರುಗಳ ಬಗ್ಗೆ ಬರೆಯುತ್ತಾರೆ. ನಾನು ಮೈದಾನದ ಕೆಳಗಿನ ಬರೆ, ಅಂದರೆ ಇಳಿಜಾರಿನ ಬಗ್ಗೆ ಬರೆಯುತ್ತೇನೆ. ಈಗಿನ ಮಕ್ಕಳಿಗೆ ಅದು ಹುಲ್ಲು ಹಾಕಿದ ಇಳಿಜಾರು, ಅಂಚಿನಲ್ಲಿ ಸಿಮೆಂಟ್ ಬೆಂಚು. ನಮ್ಮ ಕಾಲದಲ್ಲಿ ಅಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಮೇಲೆ ಹಲಸು, ಅತ್ತಿ, ಒಂದಷ್ಟು ಸಿಲ್ವರ್ ಓಕ್. ಕೆಳಗೆಲ್ಲ ಪೊದೆ. ಮಡಿಕೇರಿ ಪೇಟೆಯ ಮಧ್ಯೆ!

ಕ್ರಿಕೆಟ್‌ನಲ್ಲಿ ಅಲ್ಲಿಗೆ ಸಿಕ್ಸ್ ಹೊಡೆದವನೇ ಇಳಿದು ಬಾಲ್ ತರಬೇಕಿತ್ತು. ಮಳೆಗಾಲದಲ್ಲಿ ಕಾಲಿನ ತುಂಬ ಜಿಗಣೆ. ಹಾಗಾಗಿ ಜೂನ್ ಬಂತೆಂದರೆ ಎಲ್ಲರೂ ನೆಲಕ್ಕೇ ಹೊಡೆಯುತ್ತಿದ್ದೆವು.

ಹಾಗೆ ಬಾಲ್ ಹುಡುಕುವಾಗಲೇ ಟುವ್ವಿಹಕ್ಕಿಯ ಗೂಡು ಕಂಡದ್ದು. ಸೊಂಟದ ಎತ್ತರದ ಗಿಡ. ಎರಡು ಅಗಲ ಎಲೆಗಳ ಅಂಚು ಹತ್ತಿರ ತಂದು ಹೊಲಿದುಬಿಟ್ಟಿತ್ತು. ಎಲೆಯ ಅಂಚಿನಲ್ಲಿ ಸೂಜಿ ಚುಚ್ಚಿದ ಹಾಗೆ ತೂತು, ಅದರಲ್ಲಿ ಜೇಡರ ಬಲೆಯ ಎಳೆ. ಒಳಗೆ ಹತ್ತಿ. ವಿಜ್ಞಾನದ ಟೀಚರ್ ಇಡೀ ಕ್ಲಾಸನ್ನು ಸಾಲಾಗಿ ಕರೆದುಕೊಂಡು ಬಂದು ತೋರಿಸಿದರು. "ಕೈ ಹಿಂದೆ ಕಟ್ಟಿಕೊಂಡು ನೋಡಿ, ಉಸಿರು ಬಿಗಿಹಿಡಿಯೋದೇನೂ ಬೇಡ" ಅಂದರು. ಅಷ್ಟು ಚಿಕ್ಕ ಹಕ್ಕಿ ಹಲಸಿನ ತುದಿಯಲ್ಲಿ ಗೂಡು ಕಟ್ಟೋದಿಲ್ಲ. ಪಿಕಳಾರವೂ ಅಷ್ಟೇ, ಅದಕ್ಕೂ ಪೊದೆಯೇ ಬೇಕು.

ಬರೆಯ ತಂಪು ಮೂಲೆಯಲ್ಲಿ ಮದ್ದು ಸೊಪ್ಪು ಇತ್ತು. ಅದು ಮರದ ನೆರಳಲ್ಲೇ ಚೆನ್ನಾಗಿ ಬರುವ ಗಿಡ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಅದರಲ್ಲಿ 18 ಬಗೆಯ ಮದ್ದು ಸೇರುತ್ತದೆ ಎಂಬ ನಂಬಿಕೆ. ತೋಟ ಇಲ್ಲದ ಕ್ವಾರ್ಟರ್ಸ್ ಮಕ್ಕಳೆಲ್ಲ ಹಿಂದಿನ ದಿನ ಸಂಜೆ ಇಲ್ಲಿಂದಲೇ ಕಿತ್ತುಕೊಂಡು ಹೋಗುತ್ತಿದ್ದರು. ಸೊಪ್ಪು ಕುದಿಸಿದ ನೀರು ಕಡು ನೇರಳೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ. ಮರುದಿನ ಮೂತ್ರ ಕೆಂಪಗೆ ಹೋದರೆ ಮದ್ದು ಮೈಗೆ ಹಿಡಿಯಿತು ಅಂತ ಲೆಕ್ಕ. ಶಾಲಾ ಪತ್ರಿಕೆಯಲ್ಲಿ ಬರೆಯೋ ಮಾತಲ್ಲ, ಆದರೆ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ?

ಹಳೆಯ ವಿದ್ಯಾರ್ಥಿಗಳ ಸಭೆಗೆ ಬಂದಾಗ ನೋಡಿದರೆ ಎಲ್ಲ ಬೋಳು. ಹಾವಿನ ಭಯ, ಪೋಷಕರ ದೂರು, ಸುಮ್ನೆ ಕ್ಲೀನ್ ಮಾಡಿಸಿದೆವು ಅಂದರು ಶಾಲೆಯವರು. "ಮರ ಒಂದೂ ಕಡಿದಿಲ್ಲ" ಅಂತಲೂ ಹೇಳಿದರು. ನಿಜವೇ. ಮರ ಕಡಿಯಬೇಕಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರ್ಜಿ ಕೊಡಬೇಕು, ವೃಕ್ಷಾಧಿಕಾರಿ ಒಪ್ಪಬೇಕು. ಹಲಸಿಗೆ ಗರಗಸ ಇಟ್ಟಿದ್ದರೆ ಊರೇ ಬಂದು ನಿಲ್ಲುತ್ತಿತ್ತು. ಪೊದೆಗೆ ಒಬ್ಬ ಆಳು, ಒಂದು ವೀಡ್ ಕಟ್ಟರ್, ಒಂದು ಶನಿವಾರ ಸಾಕು.

ಹಾವಿನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ದಾರಿಯ ಪಕ್ಕದ ನಾಲ್ಕಡಿ ಸವರಿದರೆ ಅದಕ್ಕೆ ಸಾಕಿತ್ತು. ಎಲ್ಲ ಪೊದೆಯೂ ಒಳ್ಳೆಯದೇ ಅಂತಲೂ ಅಲ್ಲ. ಲಂಟಾನ, ಕಮ್ಯುನಿಸ್ಟ್ ಗಿಡ ಎರಡೂ ಹೊರಗಿನಿಂದ ಬಂದು ಹಬ್ಬಿದವು, ಅವನ್ನು ಬೇರು ಸಮೇತ ಕೀಳಲಿ, ನಾನೂ ಕೈ ಜೋಡಿಸುತ್ತೇನೆ. ಮೆಷಿನ್‌ಗೆ ಲಂಟಾನ ಯಾವುದು, ಮದ್ದು ಸೊಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಹಾಕಿದ ಹುಲ್ಲು ನೆರಳಲ್ಲಿ ಸರಿಯಾಗಿ ಹಿಡಿದಿಲ್ಲ, ಅಲ್ಲಲ್ಲಿ ಕೆಂಪು ಮಣ್ಣು ಕಾಣುತ್ತದೆ. ಮರ ಇದ್ದರೆ ಮಣ್ಣು ನಿಲ್ಲುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಎತ್ತರದ ಎಲೆಗಳಿಂದ ಕೂಡಿಕೊಂಡು ಬೀಳುವ ಹನಿ ಮಳೆ ಹನಿಗಿಂತ ದಪ್ಪ. ಕೆಳಗೆ ಪೊದೆಯಾಗಲಿ ತರಗೆಲೆಯಾಗಲಿ ಇಲ್ಲದಿದ್ದರೆ ಅದು ನೇರ ಮಣ್ಣನ್ನೇ ಕೊರೆಯುತ್ತದೆ. ಕಾಫಿ ತೋಟದವರಿಗೆ ಇದು ಗೊತ್ತು. ಮರಗಸಿ, ಅಂದರೆ ನೆರಳಿನ ಮರ ಸವರುವ ಕೆಲಸ, ಮಾಡುವಾಗ ಕೊಂಬೆ ಮಾತ್ರ ತೆಗೆಯುತ್ತಾರೆ, ತರಗು ಗುಡಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದ ಮೇಲೆ, ಇಳಿಜಾರನ್ನು ಕಡಿದು ಬದಲಾಯಿಸಿದ್ದೂ ಒಂದು ಕಾರಣ ಅಂತ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೇ ಹೇಳಿತು. ನಮ್ಮ ಬರೆ ಅದರ ಮುಂದೆ ಚಿಕ್ಕದು, ಒಪ್ಪಿದೆ. ಆದರೆ ಬೆಂಚಿನ ಹಿಂದಿನ ಚರಂಡಿ ಪ್ರತಿ ಮಳೆಗಾಲ ಮಣ್ಣು ತುಂಬಿ ಕಟ್ಟಿಕೊಳ್ಳುತ್ತದೆ ಅಂತ ಜವಾನರೇ ಹೇಳಿದರು. ಮೊದಲು ಹಾಗಾಗುತ್ತಿರಲಿಲ್ಲವಂತೆ.

ಬೆಂಚು ಇರಲಿ, ಕೂರೋಕೆ ಬೇಕು. ಅದರ ಕೆಳಗಿನ ಅರ್ಧ ಬರೆಯನ್ನು ಪೊದೆಗೆ ಬಿಟ್ಟುಕೊಡಿ. ಮದ್ದು ಸೊಪ್ಪಿಗೆ ಬೀಜ ಹುಡುಕಬೇಕಿಲ್ಲ, ಕೊಂಬೆ ನೆಟ್ಟರೆ ಬರುತ್ತದೆ. ನಮ್ಮ ತೋಟದಲ್ಲಿ ಜಾಸ್ತಿಯೇ ಇದೆ. ಜೂನ್‌ನಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕಳಿಸಿದರೆ ಕತ್ತರಿಸಿ ಕೊಡುತ್ತೇನೆ. ಕತ್ತಿ ನನ್ನ ಹತ್ತಿರ ಇದೆ, ಚೀಲ ಮಾತ್ರ ಅವರೇ ತರಲಿ.