‘ಬಿಇ ಓದ್ಸೋಕೆ ಎಷ್ಟು ದುಡ್ಡು ಇಟ್ಕೋಬೇಕಣ್ಣ?’

ಪಿಯು ಕಾಲೇಜಿನ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ತಿಪಟೂರು ಸೀಮೆಯ ಊರು. ಬೋರ್ಡ್ ಮೇಲೆ ಜೆರಾಕ್ಸ್ ಅಂತಿದ್ದರೂ ಅನ್ನ ಹಾಕುವುದು ಆನ್‌ಲೈನ್ ಅರ್ಜಿ. ಸಿಇಟಿ, ಸ್ಕಾಲರ್‌ಶಿಪ್, ಜಾತಿ-ಆದಾಯ, ಪಹಣಿ ಎಲ್ಲಾ ಇಲ್ಲೇ. ಮೇ ತಿಂಗಳು ಬಂತೆಂದರೆ ದಿನಕ್ಕೆ ನಾಲ್ಕು ಜನವಾದರೂ ಕೇಳುವ ಪ್ರಶ್ನೆ ಮೇಲಿರುವುದು. ಹುಡುಗರು ಕೇಳುವುದಿಲ್ಲ. ಅಪ್ಪಂದಿರು ಕೇಳುತ್ತಾರೆ. ಅದೂ ಮಗ ಪಕ್ಕದ ಅಂಗಡಿಗೆ ಫೋಟೋ ತೆಗೆಸೋಕೆ ಹೋದಾಗ, ದನಿ ಇಳಿಸಿ.

ನಾನು ತಿರುಗಿ ಕೇಳುವುದು ಒಂದೇ ಮಾತು. ‘ಯಾವ ತಿಂಗಳಿಗೆ?’

ತಮಾಷೆಗೆ ಕೇಳುವುದಲ್ಲ. ಒಟ್ಟು ಎಷ್ಟಾಗುತ್ತದೆ ಅಂತ ಹೇಳುವುದು ಸುಲಭ. ಸಿಇಟಿಯಲ್ಲಿ ಖಾಸಗಿ ಕಾಲೇಜಿನ ಸರ್ಕಾರಿ ಸೀಟು ಸಿಕ್ಕರೆ ಈಗ ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜಾದರೆ ಅದರ ಅರ್ಧವೂ ಆಗುವುದಿಲ್ಲ. ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್‌ಕೆ ಪರೀಕ್ಷೆಯ ಸೀಟಿಗೆ ಎರಡು ಲಕ್ಷದ ಮೇಲೆ. ಮ್ಯಾನೇಜ್‌ಮೆಂಟ್ ಸೀಟಿನ ರೇಟು ಕಾಲೇಜಿನವರು ನಿಮ್ಮ ಮುಖ ನೋಡಿ ಹೇಳುತ್ತಾರೆ, ನನ್ನನ್ನು ಕೇಳಬೇಡಿ. ಇದಕ್ಕೆ ಹಾಸ್ಟೆಲ್ಲೋ ಪಿಜಿಯೋ, ಊಟ, ಬಸ್ಸು, ಒಂದು ಲ್ಯಾಪ್‌ಟಾಪ್ ಸೇರಿಸಿಕೊಳ್ಳಿ. ಲೆಕ್ಕ ಮುಗಿಯಿತು.

ಆದರೆ ನನ್ನ ಅಂಗಡಿಯಲ್ಲಿ ಅಪ್ಪಂದಿರು ಒದ್ದಾಡುವುದು ಒಟ್ಟು ಮೊತ್ತಕ್ಕಲ್ಲ. ಸೀಟು ಅಲಾಟ್ ಆಗಿ, ಇದೇ ಸೀಟು ಸಾಕು ಅಂತ ಚಾಯ್ಸ್ ಒಂದು ಒತ್ತಿದ ಮೇಲೆ ಫೀ ಕಟ್ಟಲು ಕೈಯಲ್ಲಿರುವುದು ಕೆಲವೇ ದಿನ. ಸ್ಕಾಲರ್‌ಶಿಪ್ ದುಡ್ಡು ಬರುವುದು ಆಮೇಲೆ, ಎಷ್ಟೋ ತಿಂಗಳ ಮೇಲೆ. ನನ್ನ ದೊಡ್ಡ ಮಗಳು 2021ರಲ್ಲಿ ಸೇರಿದಳು. ಅವಳ ಮೊದಲನೇ ವರ್ಷದ ಸ್ಕಾಲರ್‌ಶಿಪ್ ಬಂದಾಗ ನಾವು ಎರಡನೇ ವರ್ಷದ ಫೀ ಕಟ್ಟಿ ಆಗಿತ್ತು. ದಿನಾ ಬೇರೆಯವರ ಅರ್ಜಿ ತುಂಬುವವನ ಮನೆಯಲ್ಲೇ ಈ ಕಥೆ.

ನಮ್ಮ ಕಡೆ ಉಳಿತಾಯ ಅಂದರೆ ಅಟ್ಟದ ಮೇಲಿನ ಕೊಬ್ಬರಿ. ಕಾಯಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ‘ಮಗೀನ ಫೀಗೆ ಅಟ್ಟದಲ್ಲಿದೆ ಬಿಡಣ್ಣ’ ಅನ್ನುವವರು ಎಷ್ಟೋ ಜನ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಅಂತ ಇದ್ದರೂ ಮಾರ್ಕೆಟ್ಟಿನಲ್ಲಿ 9,000ಕ್ಕೂ ಕೇಳುವವರಿರಲಿಲ್ಲ. ಅದೇ ಕೊಬ್ಬರಿ 2025ರಲ್ಲಿ 25,000 ದಾಟಿತು. ಎರಡು ವರ್ಷ ಕಾದವರು ಗೆದ್ದರು. ಆದರೆ ಫೀ ಕಟ್ಟುವ ಕೊನೇ ದಿನಾಂಕ ಕಾಯಲ್ಲ, ಅಲ್ವಾ? 2023ರಲ್ಲಿ ಮಗನಿಗೆ ಸೀಟು ಬಂದವರು ಸಿಕ್ಕಿದ ರೇಟಿಗೆ ಇಳಿಸಿ ಕೊಟ್ಟರು.

ಇನ್ನು ಕೆಲವರದು ಚೀಟಿ. ಆ ಹೊತ್ತಿಗೆ ಊರಲ್ಲಿ ಎಲ್ಲರಿಗೂ ಫೀ ಕಟ್ಟಬೇಕು, ಹಾಗಾಗಿ ಕೂಗು ಜಾಸ್ತಿ. ಲಕ್ಷದ ಚೀಟಿ ಎತ್ತಿ ಎಪ್ಪತ್ತೈದು ಸಾವಿರ ಹಿಡಿದುಕೊಂಡು ಬಂದವರನ್ನು ನೋಡಿದ್ದೇನೆ. ಎರಡು ತಿಂಗಳು ಮುಂಚೆ ಎತ್ತಿ ಬ್ಯಾಂಕಿನಲ್ಲಿ ಸುಮ್ನೆ ಇಟ್ಟಿದ್ದರೂ ಅಷ್ಟು ಕಳೆದುಕೊಳ್ಳುತ್ತಿರಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು: ಮೊದಲ ವರ್ಷದ ಪೂರ್ತಿ ಫೀ, ಜೊತೆಗೆ ಮೂರು ತಿಂಗಳ ಊಟ-ವಸತಿ ಖರ್ಚು, ಇದು ಜೂನ್ ಹೊತ್ತಿಗೆ ಯಾವಾಗ ಬೇಕಾದರೂ ತೆಗೆಯುವಂತೆ ಕೈಯಲ್ಲಿರಲಿ. ಆರ್‌ಡಿ ಆಗಲಿ, ಎಫ್‌ಡಿ ಆಗಲಿ. ಸಾಲದಿದ್ದರೆ ಉಳಿದದ್ದಕ್ಕೆ ಒಡವೆ ಅಡವಿಡಿ, ತಪ್ಪಿಲ್ಲ, ಸ್ಕಾಲರ್‌ಶಿಪ್ಪೋ ಲೋನೋ ಬಂದ ದಿನ ಬಿಡಿಸಿಕೊಂಡು ಬನ್ನಿ. ನಾಲ್ಕು ವರ್ಷ ಒಡವೆ ಬ್ಯಾಂಕಿನಲ್ಲಿಟ್ಟು ಓದಿಸುತ್ತೇನೆ ಅಂದರೆ ಮಾತ್ರ ನಾನು ಬೇಡ ಅನ್ನುತ್ತೇನೆ. ಎರಡನೇ ವರ್ಷದಿಂದಾಚೆಗೆ ಬೇರೆ ದಾರಿಗಳಿವೆ.

ಆ ದಾರಿಗಳು ಶುರುವಾಗುವುದು ಒಂದು ಕಾಗದದಿಂದ. ನಾಡಕಚೇರಿಯ ಆದಾಯ ಪ್ರಮಾಣಪತ್ರ. ಒಮ್ಮೆ ಮಾಡಿಸಿದರೆ ಐದು ವರ್ಷ ನಡೆಯುತ್ತದೆ. ಸಿಇಟಿ ಅರ್ಜಿ ಜನವರಿ-ಫೆಬ್ರವರಿಯಲ್ಲಿ ಬರುತ್ತದೆ, ಆಗ ಈ ಪತ್ರದ ಮೇಲಿರುವ ಆರ್‌ಡಿ ನಂಬರ್ ಕೇಳುತ್ತದೆ. ಜನ ಆಗ ನಾಡಕಚೇರಿಗೆ ಓಡುತ್ತಾರೆ. ಡಿಸೆಂಬರ್‌ನಲ್ಲೇ ಮಾಡಿಸಿಡಿ ಅಂತ ನಾನು ಪ್ರತಿ ವರ್ಷ ಬಾಗಿಲ ಮೇಲೆ ಚೀಟಿ ಅಂಟಿಸುತ್ತೇನೆ. ಅದನ್ನು ಓದುವವರು ಕಡಿಮೆ, ಅದರ ಪಕ್ಕ ನಿಂತು ಸೆಲ್ಫಿ ತೆಗೆಯುವವರು ಜಾಸ್ತಿ.

ಈ ಒಂದು ಕಾಗದದ ಮೇಲೆ ಏನೇನು ನಿಂತಿದೆ ನೋಡಿ. ಎಸ್‌ಎನ್‌ಕ್ಯೂ ಅಂತ ಇದೆ, ಕೇಳಿದವರೇ ಕಡಿಮೆ. ಪ್ರತಿ ಕೋರ್ಸಿನಲ್ಲಿ ಶೇಕಡಾ 5 ಸೀಟು ಹೆಚ್ಚುವರಿಯಾಗಿ ಇಡುತ್ತಾರೆ, ಅದರಲ್ಲಿ ಸಿಕ್ಕಿದರೆ ಬೋಧನಾ ಶುಲ್ಕ ಮಾಫಿ. ಮನೆಯ ವರ್ಷದ ಆದಾಯ 8 ಲಕ್ಷದೊಳಗಿರಬೇಕು, ರ್‍ಯಾಂಕ್ ಚೆನ್ನಾಗಿರಬೇಕು. ಜಾತಿಯ ಪ್ರಶ್ನೆ ಬರುವುದಿಲ್ಲ. ಆದರೆ ಸಿಇಟಿ ಅರ್ಜಿಯಲ್ಲಿ ಆದಾಯದ ವಿವರ ಸರಿಯಾಗಿ ತುಂಬಿರಬೇಕು. ‘ನಮಗೆ ರಿಸರ್ವೇಶನ್ ಇಲ್ಲ, ಆದಾಯ ಪತ್ರ ಯಾಕೆ’ ಅಂತ ಖಾಲಿ ಬಿಟ್ಟು ಹೋದ ಹುಡುಗನೊಬ್ಬ ನೆನಪಾಗುತ್ತಾನೆ. ಒಳ್ಳೆ ರ್‍ಯಾಂಕ್ ಬಂದಿತ್ತು ಅವನಿಗೆ. ಅವರಪ್ಪ ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತು ಹತ್ತು ನಿಮಿಷ ಏನೂ ಮಾತಾಡಲಿಲ್ಲ.

ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 50,000. ಒಂದು ಮನೆಯಿಂದ ಇಬ್ಬರಿಗೆ, ಆದಾಯ ಇಲ್ಲೂ 8 ಲಕ್ಷದೊಳಗೆ. ಮೊದಲ ವರ್ಷದಲ್ಲೇ ಹಾಕಬೇಕು. ಆಯ್ಕೆ ಅಂಕದ ಮೇಲೆ, ಎಲ್ಲರಿಗೂ ಸಿಗುವುದಿಲ್ಲ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ವಿದ್ಯಾಸಿರಿ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ, 2021ರಲ್ಲಿ ಶುರುವಾದಾಗ ಬಿಇಗೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಅಂತಿತ್ತು. ಇದಕ್ಕೆ ಅಪ್ಪನದೋ ಅಮ್ಮನದೋ ಫ್ರೂಟ್ಸ್ ಐಡಿ, ಅಂದರೆ ಹೆಸರಲ್ಲಿ ಜಮೀನಿರುವ ರೈತರ ನೋಂದಣಿ ಸಂಖ್ಯೆ ಬೇಕು. ನಮ್ಮಲ್ಲಿ ಅರ್ಧ ಜನರ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುತ್ತದೆ. ಪೌತಿ ಖಾತೆ ಮಾಡಿಸೋಕೆ ಅಣ್ಣತಮ್ಮಂದಿರು ಒಪ್ಪಬೇಕು, ಅದು ಬೇರೆಯದೇ ರಾಮಾಯಣ. ಗಾರೆ ಕೆಲಸ, ಸೆಂಟ್ರಿಂಗ್ ಮಾಡುವವರ ಹತ್ತಿರ ಕಾರ್ಮಿಕ ಕಾರ್ಡ್ ಇದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಶೈಕ್ಷಣಿಕ ಸಹಾಯಧನಕ್ಕೂ ಹಾಕಬಹುದು.

ಅರ್ಜಿ ಹಾಕಿದ ಮೇಲೆ ಇನ್ನೊಂದು ಗುಂಡಿ ಇದೆ. ದುಡ್ಡು ಹೋಗುವುದು ನೀವು ಕೊಟ್ಟ ಪಾಸ್‌ಬುಕ್‌ಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಒಂದು ವರ್ಷ ಒಬ್ಬ ಹುಡುಗ ಬಂದ. ಸ್ಟೇಟಸ್‌ನಲ್ಲಿ ದುಡ್ಡು ಜಮಾ ಅಂತಿದೆ, ಪಾಸ್‌ಬುಕ್‌ನಲ್ಲಿ ಇಲ್ಲ. ಅವನ ಅಮ್ಮ ದಿನಾ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸುತ್ತಿದ್ದರಂತೆ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ತೋರಿಸುವ ಎನ್‌ಪಿಸಿಐ ಮ್ಯಾಪಿಂಗ್ ನೋಡಿದರೆ ಬೇರೆ ಬ್ಯಾಂಕು. ಯಾವಾಗಲೋ ಮೊಬೈಲ್ ಸಿಮ್ ತಗೊಂಡಾಗ ಯಾರೋ ಬೆರಳು ಒತ್ತಿಸಿಕೊಂಡು ತೆಗೆದ ಖಾತೆ. ದುಡ್ಡೆಲ್ಲಾ ಅಲ್ಲೇ ಬೆಚ್ಚಗೆ ಕೂತಿತ್ತು. ಅಷ್ಟರಲ್ಲಿ ಅವರಪ್ಪ ವಾರದ ಬಡ್ಡಿಗೆ ತಂದು ಫೀ ಕಟ್ಟಿ ಆಗಿತ್ತು.

ಇನ್ನು ಲೋನ್. ‘ಓದೋ ಮಗೀನ ತಲೆ ಮೇಲೆ ಸಾಲ ಯಾಕಣ್ಣ’ ಅನ್ನುತ್ತಾರೆ. ಹಾಗನ್ನುವವರು ತಾವು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದಿರುತ್ತಾರೆ. ವರ್ಷಕ್ಕೆ ಮೂವತ್ತಾರು ಪರ್ಸೆಂಟ್ ಆಯಿತು ಅದು. ಎಜುಕೇಶನ್ ಲೋನ್ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆಗೆ ಸಿಗುತ್ತದೆ, 4 ಲಕ್ಷದವರೆಗೆ ಜಾಮೀನೂ ಇಲ್ಲ, ಕೈಯಿಂದ ಹಾಕುವ ಮಾರ್ಜಿನ್ನೂ ಇಲ್ಲ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ 2024ರ ನವೆಂಬರ್‌ನಲ್ಲಿ ಮಂಜೂರಾಯಿತು. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇಕಡಾ 3 ಬಡ್ಡಿ ಸಹಾಯ. ಆದರೆ ಪಟ್ಟಿಯಲ್ಲಿರುವ ಕಾಲೇಜಿಗೆ ಮಾತ್ರ. ಬೇಕಾದ ಕಾಲೇಜುಗಳನ್ನು ಆರಿಸಿ ಹಾಕುವ ಆಪ್ಷನ್ ಎಂಟ್ರಿ ಮಾಡುವಾಗಲೇ ಆ ಪಟ್ಟಿ ತೆರೆದಿಟ್ಟುಕೊಳ್ಳಿ.

ಲೆಕ್ಕ ನಾನು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ತೋರಿಸುತ್ತೇನೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ತಗೊಂಡಿರಿ, ಬಡ್ಡಿ ಶೇಕಡಾ 10 ಅಂತಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ, ಆದರೆ ಬಡ್ಡಿ ನಡೆಯುತ್ತಲೇ ಇರುತ್ತದೆ. ಸರಳ ಬಡ್ಡಿಯೇ. ಮೊದಲ ಲಕ್ಷಕ್ಕೆ ಐದು ವರ್ಷದ್ದು 50,000, ಎರಡನೆಯದಕ್ಕೆ 40,000, ಆಮೇಲೆ 30,000, 20,000. ಕಂತು ಶುರುವಾಗುವ ದಿನ ಸಾಲ 5.4 ಲಕ್ಷ. ಏಳು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 9,000. ಅದೇ ಬಡ್ಡಿಯನ್ನು ಆಗಿಂದಾಗಲೇ ಕಟ್ಟುತ್ತಾ ಬಂದರೆ ಮೊದಲ ವರ್ಷ ತಿಂಗಳಿಗೆ ಸುಮಾರು 830, ನಾಲ್ಕನೇ ವರ್ಷ 3,300ರ ಹತ್ತಿರ. ಕೊನೆಗೆ ಉಳಿಯುವುದು ಬರೀ 4 ಲಕ್ಷ, ಕಂತು 6,600 ಚಿಲ್ಲರೆ. ಸ್ಕಾಲರ್‌ಶಿಪ್ ಬಂದಾಗ ಅದನ್ನು ಈ ಬಡ್ಡಿಗೆ ಹಾಕಿ ಅಂತ ನಾನು ಹೇಳುತ್ತೇನೆ. ಹೆಚ್ಚಿನವರು ಬೈಕಿನ ಡೌನ್ ಪೇಮೆಂಟ್‌ಗೆ ಹಾಕುತ್ತಾರೆ.

ಚಿಕ್ಕ ಮಗಳ ವಿಷಯದಲ್ಲಿ ನನಗೆ ಸ್ವಲ್ಪ ಬುದ್ಧಿ ಬಂದಿತ್ತು. 2015ರಲ್ಲಿ ಸುಕನ್ಯಾ ಸಮೃದ್ಧಿ ಬಂದಾಗ ಅವಳಿಗೆ ಎಂಟು ವರ್ಷ. ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ಮಾತ್ರ ಅದು, ದೊಡ್ಡವಳಿಗೆ ವಯಸ್ಸು ಮೀರಿತ್ತು. ತಿಂಗಳಿಗೆ ಸಾವಿರ ಕಟ್ಟಿದೆ. 2025ರ ಮಾರ್ಚ್ ಕೊನೆಗೆ ಖಾತೆಯಲ್ಲಿ 1.8 ಲಕ್ಷದ ಆಸುಪಾಸು ಇತ್ತು. ಹತ್ತನೇ ಕ್ಲಾಸ್ ಪಾಸಾದ ಮೇಲೆ ಓದಿಗೆ ಅಂತ ಅರ್ಧ ತೆಗೆಯಬಹುದು, ಅಂದರೆ 90 ಸಾವಿರ. ಕುಣಿದುಕೊಂಡು ಅಂಚೆ ಕಚೇರಿಗೆ ಹೋದೆ. ‘ಫೀ ಚೀಟಿ ತನ್ನಿ’ ಅಂದರು. ನಿಯಮದಲ್ಲಿ ಸೀಟು ಖಚಿತವಾದ ಪತ್ರವೂ ನಡೆಯುತ್ತದೆ, ಕೌಂಟರಿನಲ್ಲಿ ಕೇಳಿದ್ದು ಚೀಟಿಯನ್ನೇ. ಫೀ ಕಟ್ಟಿದರೆ ಚೀಟಿ, ಚೀಟಿ ಇದ್ದರೆ ಫೀಗೆ ದುಡ್ಡು! ಅಂಗಡಿಯ ಹೊಸ ಪ್ರಿಂಟರ್‌ಗೆ ಅಂತ ಕಟ್ಟುತ್ತಿದ್ದ ಆರ್‌ಡಿ ಮುರಿದು ಮೊದಲು ಫೀ ಕಟ್ಟಿದೆ. ಆಮೇಲೆ ಚೀಟಿ ಕೊಟ್ಟು ಸುಕನ್ಯಾ ದುಡ್ಡು ತಂದೆ. ಅದರಲ್ಲಿ ಪ್ರಿಂಟರ್ ಬರಲಿಲ್ಲ, ಲ್ಯಾಪ್‌ಟಾಪ್ ಬಂತು. ಹಳೇ ಪ್ರಿಂಟರ್ ಈಗಲೂ ಪೇಪರ್ ನುಂಗುತ್ತದೆ.

ಮೊನ್ನೆ ಒಬ್ಬರು ಬಂದಿದ್ದರು. ಅದೇ ಪ್ರಶ್ನೆ. ದೊಡ್ಡ ಮಗನ ವಿಷಯ. ಇಷ್ಟು ಹೊತ್ತು ನಿಮಗೆ ಹೇಳಿದ್ದೆಲ್ಲಾ ಅವರಿಗೂ ಹೇಳಿದೆ, ಆಧಾರ್ ಮ್ಯಾಪಿಂಗ್ ನೋಡಿಕೊಟ್ಟೆ. ಹೊರಡುವಾಗ ಕೇಳಿದೆ, ‘ಇನ್ನೊಬ್ಬ ಇದ್ನಲ್ಲ, ಎಷ್ಟನೇ ಕ್ಲಾಸು?’

‘ಎಂಟು. ಸರ್ಕಾರಿ ಸ್ಕೂಲು. ಅವಂದೇನ್ ಬಿಡಣ್ಣ, ಇನ್ನೂ ಟೈಮೈತೆ.’

ಎನ್‌ಎಂಎಂಎಸ್ ಪರೀಕ್ಷೆ ಇರುವುದೇ ಎಂಟನೇ ಕ್ಲಾಸಿಗೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000. ಆದಾಯ 3.5 ಲಕ್ಷದೊಳಗಿರಬೇಕು. ಹೇಳಿದೆ. ನಾಲ್ಕು ವರ್ಷಕ್ಕೆ 48,000 ಅಂತ ಬೆರಳಿನಲ್ಲಿ ಎಣಿಸಿ ಅವರು ಮತ್ತೆ ಸ್ಟೂಲಿನ ಮೇಲೆ ಕೂತರು.

‘ಆ ಆದಾಯದ ಕಾಗ್ದ ಇದಕ್ಕೂ ನಡೀತದಾ?’