ಫೋಬೋಸ್ ಸುತ್ತ ನೌಕೆ ಯಾಕೆ ನಿಲ್ಲಲಿಲ್ಲ

ನಾನು ಕೆಲಸ ಮಾಡುವುದು ವಿಜಯಪುರದ ಒಂದು ಸಣ್ಣ ತಂಡದಲ್ಲಿ. ಹೈಸ್ಕೂಲು, ಪಿಯು ಮಕ್ಕಳಿಗೆ ಬೇಕಾದ ವಿಜ್ಞಾನದ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವುದು ನಮ್ಮ ಕಸುಬು. ಈ ಸಲ ಬಂದದ್ದು ದೊಡ್ಡ ಬೇಡಿಕೆ: ಮಕ್ಕಳು ಜಾಯ್‌ಸ್ಟಿಕ್ ಹಿಡಿದು ಮಂಗಳ ಗ್ರಹದ ಚಂದ್ರ ಫೋಬೋಸ್ ಹತ್ತಿರ ಹೋಗಬೇಕು, ಅದರ ಸುತ್ತ ಒಂದು ಸುತ್ತು ಹಾಕಬೇಕು, ಆಮೇಲೆ ಇಳಿಯಬೇಕು.

ಆಕಾರ ಕಟ್ಟುವುದು ಅಂಥ ಕಷ್ಟದ ಕೆಲಸವಲ್ಲ. ವೈಕಿಂಗ್, ಮಾರ್ಸ್ ಎಕ್ಸ್‌ಪ್ರೆಸ್ ನೌಕೆಗಳು ತೆಗೆದ ಚಿತ್ರಗಳಿಂದ ವಿಜ್ಞಾನಿಗಳು ಮಾಡಿಟ್ಟ ಆಕಾರದ ದತ್ತಾಂಶ ಎಲ್ಲರಿಗೂ ಸಿಗುತ್ತದೆ. ಉದ್ದ ಸುಮಾರು 27, ಅಗಲ 22, ಎತ್ತರ 18 ಕಿ.ಮೀ. ಇರುವ ಓರೆಕೋರೆ ಬಂಡೆ ಅದು. ಒಂದು ತುದಿಯಲ್ಲಿ ಸುಮಾರು 9 ಕಿ.ಮೀ. ಅಗಲದ ಸ್ಟಿಕ್ನಿ ಕುಳಿ. 1877ರಲ್ಲಿ ಈ ಚಂದ್ರನನ್ನು ಕಂಡುಹಿಡಿದ ಆಸಫ್ ಹಾಲ್ ಅವರ ಹೆಂಡತಿ ಆಂಜಲೀನ್ ಸ್ಟಿಕ್ನಿಯವರ ಹೆಸರು ಅದಕ್ಕಿದೆ. ನಮ್ಮ ಮಂಗಳಯಾನವೂ 2020ರ ಜುಲೈ 1ರಂದು, ಸುಮಾರು 4,200 ಕಿ.ಮೀ. ದೂರದಿಂದ, ಈ ಕುಳಿಯನ್ನು ಸೆರೆಹಿಡಿದಿತ್ತು. ಆ ಚಿತ್ರದ ಪ್ರಿಂಟ್ ನಮ್ಮ ಗೋಡೆಗೆ ಅಂಟಿಸಿಕೊಂಡೇ ಕೆಲಸ ಶುರು ಮಾಡಿದೆವು.

ತೊಡಕು ಬಂದದ್ದು ಚಲನೆಯಲ್ಲಿ. ಮೊದಲನೆಯದು ನಡುಕ. ಫೋಬೋಸ್ ಮೇಲೆ ಇಳಿಸಿದ ನೌಕೆಯ ಕಾಲು ಸುಮ್ಮನೆ ನಿಲ್ಲದೆ ಪಟಪಟ ಅದುರುತ್ತಿತ್ತು. ಕಾರಣ ಲೆಕ್ಕದಲ್ಲೇ ಇತ್ತು. ಮಂಗಳದ ಕೇಂದ್ರದಿಂದ ಫೋಬೋಸ್ ಇರುವುದು ಸುಮಾರು 9,376 ಕಿ.ಮೀ. ದೂರದಲ್ಲಿ, ಅಂದರೆ 93 ಲಕ್ಷ ಮೀಟರಿಗೂ ಮೇಲೆ. 32 ಬಿಟ್‌ನ ದಶಮಾಂಶ ಸಂಖ್ಯೆಗೆ ಅಷ್ಟು ದೂರದಲ್ಲಿ ಒಂದು ಮೀಟರಿಗಿಂತ ಸಣ್ಣ ಅಂತರ ಗೊತ್ತೇ ಆಗುವುದಿಲ್ಲ. ಕಾಲು ಒಂದೋ ಈ ಮೀಟರಿನಲ್ಲಿ ಇರಬೇಕು, ಇಲ್ಲವೇ ಮುಂದಿನದಕ್ಕೆ ಜಿಗಿಯಬೇಕು. ಕಕ್ಷೆಯ ಲೆಕ್ಕವನ್ನು 64 ಬಿಟ್‌ಗೆ ಏರಿಸಿ, ಚಿತ್ರಕ್ಕೆ ಬೇಕಾದ ಮೂಲಬಿಂದುವನ್ನು, ಅಂದರೆ ದೂರ ಅಳೆಯಲು ಶುರು ಮಾಡುವ ಸೊನ್ನೆಯ ಜಾಗವನ್ನು, ನೌಕೆಯ ಜೊತೆಗೇ ಕಟ್ಟಿದ ಮೇಲೆ ಕಾಲು ನಿಂತಿತು. ಇದು ನಿಜವಾದ ಬಗ್, ಕೋಡಿನಲ್ಲೇ ತಿದ್ದಬೇಕಾದದ್ದು.

ಎರಡನೆಯದು ಹಾಗಿರಲಿಲ್ಲ. ಪರೀಕ್ಷೆ ಮಾಡುವ ಹುಡುಗ ದೋಷಪಟ್ಟಿಯಲ್ಲಿ ಬರೆದಿದ್ದ: "ಗಾಡಿ ಕಕ್ಷೆಯೊಳಗ ನಿಂದರವಲ್ದು. ಗುರುತ್ವದ ಕೋಡ್ ನೋಡ್ರಿ." ಅವನು ಮಾಡಿದ್ದು ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಫೋಬೋಸ್ ಕೇಂದ್ರದಿಂದ 20 ಕಿ.ಮೀ. ದೂರದಲ್ಲಿ ನೌಕೆ ಇಟ್ಟು, ವೃತ್ತಾಕಾರದ ಕಕ್ಷೆಗೆ ಸೂತ್ರ ಹೇಳುವ ವೇಗ, ಸೆಕೆಂಡಿಗೆ ಸುಮಾರು 6 ಮೀಟರ್, ಕೊಟ್ಟಿದ್ದ. ಸುತ್ತು ಮುಗಿಯುವ ಮೊದಲೇ ನೌಕೆ ಕೈತಪ್ಪಿ ದೂರ ಹೋಗುತ್ತಿತ್ತು. ಮತ್ತೆ ಮತ್ತೆ ಅದೇ ಕಥೆ.

"ಸರ್, ಅದರ ದ್ರವ್ಯರಾಶಿ ಒಂದ್ ಹತ್ತು ಪಟ್ಟು ಏರಿಸಿಬಿಡೂಣ್ರೀ" ಅಂದ. "ನೌಕೆ ತಾನ ನಿಂದರತದ. ಹುಡುಗರಿಗೇನ್ ಗೊತ್ತಾಗತದ?"

"ಹುಡುಗರಿಗೆ ಗೊತ್ತಾಗಂಗಿಲ್ಲ ಅಂತನ ನಾವು ಸರಿ ಇಡಬೇಕ ನೋಡಪಾ" ಅಂದೆ. ಇಬ್ಬರೂ ಕೋಡ್ ಮುಚ್ಚಿ ಕಾಗದ ತೆಗೆದುಕೊಂಡು ಕುಳಿತೆವು.

ಒಂದು ಚಂದ್ರ ತನ್ನ ಸುತ್ತ ಏನನ್ನಾದರೂ ಹಿಡಿದಿಟ್ಟುಕೊಳ್ಳಬಲ್ಲ ಪ್ರದೇಶಕ್ಕೆ ಹಿಲ್ ಗೋಳ ಎನ್ನುತ್ತಾರೆ. ಅದರಾಚೆ ಗ್ರಹದ ಎಳೆತವೇ ಗೆಲ್ಲುತ್ತದೆ. ಫೋಬೋಸ್ ದ್ರವ್ಯರಾಶಿ, ಮಂಗಳದ ದ್ರವ್ಯರಾಶಿ, ನಡುವಿನ ದೂರ ಹಾಕಿ ಲೆಕ್ಕ ಮಾಡಿದರೆ ಈ ಗೋಳದ ತ್ರಿಜ್ಯ ಬರುವುದು 16.6 ಕಿ.ಮೀ. ಅದೂ ಮೇಲ್ಮೈಯಿಂದಲ್ಲ, ಕೇಂದ್ರದಿಂದ. ಫೋಬೋಸಿನ ಉದ್ದನೆಯ ತುದಿಯೇ ಕೇಂದ್ರದಿಂದ 13 ಕಿ.ಮೀ. ದಾಟುತ್ತದೆ. ಅಂದರೆ ಮಂಗಳದ ಕಡೆ ಮುಖ ಮಾಡಿದ ತುದಿಯಿಂದ ಮೂರು ಕಿಲೋಮೀಟರ್ ಮೇಲೆ ಹೋದರೆ ಫೋಬೋಸಿನ ಹಿಡಿತ ಮುಗಿಯಿತು. ಹುಡುಗ ನೌಕೆ ಇಟ್ಟಿದ್ದ ಜಾಗ ಮೊದಲೇ ಮಂಗಳದ ಸೀಮೆಯಲ್ಲಿತ್ತು. ನಮ್ಮ ಚಂದ್ರನ ಸುತ್ತ ಚಂದ್ರಯಾನ ಸುತ್ತಿದ ಹಾಗೆ ಫೋಬೋಸನ್ನು ಸುತ್ತಲು ಜಾಗವೇ ಇಲ್ಲ. ನಮ್ಮ ಕೋಡ್ ಹೇಳಿದ್ದು ನಿಜ.

ಕೆಲವು ಆಟಗಳಲ್ಲಿ ಇದು ಕಾಣುವುದಿಲ್ಲ. ಕರ್ಬಲ್ ಸ್ಪೇಸ್ ಪ್ರೋಗ್ರಾಮ್‌ನಂಥವುಗಳಲ್ಲಿ ಒಂದು ಹೊತ್ತಿಗೆ ಒಂದೇ ಕಾಯದ ಗುರುತ್ವ ಲೆಕ್ಕಕ್ಕೆ ಬರುತ್ತದೆ. ಚಂದ್ರನ ವಲಯದೊಳಗೆ ಹೊಕ್ಕರೆ ಗ್ರಹ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಆ ಆಟದ ಉದ್ದೇಶಕ್ಕೆ ಅದು ಸಾಕು. ನಮ್ಮ ಹುಡುಗನೂ ಕಕ್ಷೆ ಕಲಿತದ್ದು ಅಲ್ಲೇ. ಮಾರ್ಟಿನ್ ಶ್ವೈಗರ್ 2000ದಲ್ಲಿ ಹೊರತಂದ ಆರ್ಬಿಟರ್ ಎಂಬ ಬಾಹ್ಯಾಕಾಶ ಸಿಮ್ಯುಲೇಟರ್ ಬೇರೆ ಕಾಯಗಳ ಎಳೆತವನ್ನೂ ಕೂಡಿಸುತ್ತದೆ. ನಾವು ಅನುಸರಿಸಿದ್ದು ಈ ದಾರಿ.

ಇನ್ನು ಹತ್ತು ಪಟ್ಟಿನ ಮಾತು. ಫೋಬೋಸಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.87 ಗ್ರಾಂ. ಗಟ್ಟಿ ಕಲ್ಲಿಗಿಂತ ಎಷ್ಟೋ ಹಗುರ, ಒಳಗೆ ಪೊಳ್ಳು ಸಾಕಷ್ಟಿದೆ ಎಂದು ವಿಜ್ಞಾನಿಗಳು ಹೇಳುವುದು ಇದರಿಂದಲೇ. ಆಕಾರ ಅಷ್ಟೇ ಇಟ್ಟು ದ್ರವ್ಯರಾಶಿ ಹತ್ತು ಪಟ್ಟು ಮಾಡಿದರೆ ಸಾಂದ್ರತೆ 18.7 ಆಗುತ್ತದೆ. ಸೀಸದ್ದೇ 11.3. ಸೀಸಕ್ಕಿಂತ ಭಾರವಾದ ಚಂದ್ರನನ್ನು ಮಾಡಿ ಮಕ್ಕಳ ಕೈಗೆ ಕೊಡುತ್ತಿದ್ದೆವು! ಆ ಸಂಖ್ಯೆ ಕಾಗದದ ಮೇಲೆ ಬಿದ್ದ ಕೂಡಲೇ ಹುಡುಗನೇ ತನ್ನ ಸಲಹೆಗೆ ಗೀಟು ಹಾಕಿದ.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಗುರುತ್ವಕ್ಕೆ ಸಂಬಂಧಿಸಿದ ಯಾವ ದೂರು ಬಂದರೂ ಮೊದಲು ಕೈಲೆಕ್ಕ, ಆಮೇಲೆ ಕೋಡ್. ಅದಕ್ಕೆಂದೇ ನಾವು ಗೋಲಗುಮ್ಮಟ ಪರೀಕ್ಷೆ ಅಂತ ಒಂದನ್ನು ಇಟ್ಟುಕೊಂಡಿದ್ದೇವೆ. ಗುಮ್ಮಟದ ಎತ್ತರ ಸುಮಾರು 51 ಮೀಟರ್. ಅಷ್ಟು ಎತ್ತರದಿಂದ ಸಿಮ್ಯುಲೇಟರಿನಲ್ಲಿ ಕಲ್ಲು ಬಿಡುವುದು. ಭೂಮಿಯಲ್ಲಾದರೆ ಗಾಳಿ ಬಿಟ್ಟು 3.2 ಸೆಕೆಂಡಿಗೆ ನೆಲ. ಫೋಬೋಸ್ ಮೇಲೆ 134 ಸೆಕೆಂಡ್ ಬರಬೇಕು, ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಮುಕ್ಕಾಲು ಮೀಟರ್, ನಾವು ನಡೆಯುವುದಕ್ಕಿಂತ ನಿಧಾನ. ಇದು ಸರಾಸರಿ ಗುರುತ್ವಕ್ಕೆ ಬರುವ ಲೆಕ್ಕ. ಮಂಗಳದತ್ತ ಇರುವ ತುದಿಯಲ್ಲಿ ಮಂಗಳದ ಉಬ್ಬರದ ಎಳೆತ (ಫೋಬೋಸಿನ ಕೇಂದ್ರಕ್ಕಿಂತ ಹತ್ತಿರದ ತುದಿಯನ್ನು ಮಂಗಳ ಹೆಚ್ಚು ಎಳೆಯುವುದರಿಂದ ಬರುವ ವ್ಯತ್ಯಾಸ) ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 0.002 ಮೀಟರಿನಷ್ಟು ತಗ್ಗಿಸುವಂತೆ ಎದುರಾಗಿ ನಿಲ್ಲುವುದರಿಂದ ಅಲ್ಲಿ ಕಲ್ಲು ಇನ್ನೂ ತಡವಾಗಿ ಬೀಳಬೇಕು. ಹಾಗೆ ಬೀಳದಿದ್ದರೆ ಆಗ ಕೋಡ್ ತೆರೆಯುತ್ತೇವೆ.

ಬೇಡಿಕೆ ಕೊಟ್ಟವರ ಜೊತೆ ಮಾತಾಡುವುದು ಉಳಿದಿತ್ತು. ಸುತ್ತು ಹಾಕುವುದು ಪಾಠದಲ್ಲೇ ಬರೆದಿದ್ದರಿಂದ ಅವರು ಸುಲಭಕ್ಕೆ ಒಪ್ಪಲಿಲ್ಲ. ನಾನು ಹಟ ಹಿಡಿದೆ, ಈಗಲೂ ಅದು ಸರಿ ಎಂದೇ ನನ್ನ ಅಭಿಪ್ರಾಯ. ಮಗುವಿಗೆ ಕಷ್ಟ ಅನ್ನಿಸಿದರೆ ಉಪಕರಣ ಸುಧಾರಿಸಬೇಕು, ಚಂದ್ರನನ್ನಲ್ಲ. ಪರದೆಯ ಮೇಲೆ ಎರಡು ಬಾಣ ಹಾಕಿದೆವು: ಒಂದು ಫೋಬೋಸ್ ಎಳೆತಕ್ಕೆ, ಇನ್ನೊಂದು ಮಂಗಳದ ಉಬ್ಬರದ ಎಳೆತಕ್ಕೆ. ಮೇಲೇರಿದಂತೆ ಒಂದು ಗಿಡ್ಡಾಗುತ್ತದೆ, ಇನ್ನೊಂದು ಬೆಳೆಯುತ್ತದೆ. ಸುತ್ತು ಹಾಕುವ ಪಾಠದ ಬದಲು ಜೊತೆ ಹೋಗುವ ಪಾಠ ಮಾಡಿದೆವು. ನೌಕೆ ಮಂಗಳವನ್ನೇ ಸುತ್ತುತ್ತದೆ, ಫೋಬೋಸ್ ಹಾಗೆಯೇ 7 ಗಂಟೆ 39 ನಿಮಿಷಕ್ಕೊಂದು ಸುತ್ತು. ಆದರೆ ಪಥ ಸ್ವಲ್ಪ ಅಂಡಾಕಾರ. ಆಗ ಅದು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಒಳಗೆ, ಒಮ್ಮೆ ಹೊರಗೆ ಇದ್ದು, ಫೋಬೋಸ್ ಮೇಲೆ ನಿಂತವರಿಗೆ ತಮ್ಮನ್ನೇ ಸುತ್ತಿದಂತೆ ಕಾಣುತ್ತದೆ. ಮಂಗಳದ ಚಂದ್ರರ ಅಧ್ಯಯನಕ್ಕೆಂದೇ ಜಪಾನ್ ಮಾಡಿದ ಎಂಎಂಎಕ್ಸ್ ನೌಕೆ ಫೋಬೋಸ್ ಹತ್ತಿರ ಇರಲು ಆರಿಸಿಕೊಂಡಿರುವುದೂ ಇಂಥ ಪಥವನ್ನೇ.

ಇಳಿಯುವ ಪಾಠದಲ್ಲಿ ಏನನ್ನೂ ಮೆತ್ತಗೆ ಮಾಡಲಿಲ್ಲ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತಾಗಿ, ಅರ್ಧ ವೇಗದಲ್ಲಿ ಪುಟಿದರೆ ನೌಕೆ 22 ಮೀಟರ್ ಮೇಲೆ ಹೋಗಿ, ಸುಮಾರು ಮೂರು ನಿಮಿಷದ ಮೇಲೆ ಮತ್ತೆ ನೆಲಕ್ಕೆ ಬರುತ್ತದೆ. ಮಕ್ಕಳು ಕಾಯುತ್ತಾರೆ. ಕಾಯುವಾಗಲೇ "ಯಾಕ್ ಸರ್ ಇಷ್ಟು ತಡ?" ಅನ್ನುವ ಪ್ರಶ್ನೆ ಬರುತ್ತದೆ, ಶಿಕ್ಷಕರಿಗೆ ಪಾಠ ಶುರು ಮಾಡಲು ಅಷ್ಟು ಸಾಕು.

ಫೋಬೋಸಿನ ದ್ರವ್ಯರಾಶಿ, ಆಕಾರ, ತಿರುಗುವಿಕೆಯ ಸಂಖ್ಯೆಗಳನ್ನು ಕೋಡಿನಿಂದ ಬೇರೆಯಾದ ಒಂದು ಕಡತದಲ್ಲಿ ಇಟ್ಟಿದ್ದೇವೆ. ಎಂಎಂಎಕ್ಸ್ ಅಲ್ಲಿಗೆ ಹೋಗಿ ಹೊಸ ಅಳತೆ ಕಳಿಸಿದಾಗ ಆ ಕಡತ ತಿದ್ದುವ ಕೆಲಸ ಈಗಾಗಲೇ ನಮ್ಮ ಹುಡುಗನ ಹೆಸರಿನಲ್ಲಿದೆ.